ಇದು ನಿಮ್ಮ ಸಬ್ಜೆಕ್ಟ್ ಅಲ್ವಲ್ಲಾ?

ಮೊನ್ನೆ ಒಂದು ಪಿಎಚ್‌ಡಿ ವೈವಾ ನೋಡಲು ಹೋಗಿದ್ದೆ. ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಎರಡು ದಿನ ಸುಮ್ನಿದ್ದು ನೋಡಿದೆ, ಆಗಲಿಲ್ಲ. ಬರಹ ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ಹುಡುಗಿ ಮ್ಯಾನೇಜ್‌ಮೆಂಟ್ ವಿಭಾಗದವಳು. ಹಳೇ ವ್ಯಾಪಾರಿಗಳ ಲೆಕ್ಕದ ಪುಸ್ತಕಗಳನ್ನು ಹಿಡಿದು ನಾಲ್ಕು ವರ್ಷ ಕೂತಿದ್ದಾಳೆ. ಅವಳ ಪ್ರಶ್ನೆ ಇಷ್ಟೇ. ಒಬ್ಬ ದೊಡ್ಡ ವ್ಯಾಪಾರಿ ದಿವಾಳಿ ಎದ್ದರೆ ಆ ಏಟು ಯಾರಿಂದ ಯಾರಿಗೆ, ಎಷ್ಟು ಬೇಗ ದಾಟುತ್ತದೆ? ಇದನ್ನು ಅಳೆಯಲು ಅವಳು ಸಾಂಕ್ರಾಮಿಕ ರೋಗ ಹರಡುವ ಲೆಕ್ಕವನ್ನು ಬಳಸಿದ್ದಳು. ಒಂದು ಸ್ಲೈಡಿನಲ್ಲಿ ಲೆಕ್ಕದ ಪುಸ್ತಕದ ಪುಟವೊಂದರ ಫೋಟೋ ಇತ್ತು. ಒಂದು ಹೆಸರಿನ ಮೇಲೆ ಅಡ್ಡಗೆರೆ. ಮುಂದಿನ ಸ್ಲೈಡಿನಲ್ಲಿ, ಕೆಲವು ಪುಟ ದಾಟಿ, ಇನ್ನೊಂದು ಹೆಸರಿನ ಮೇಲೆ ಗೆರೆ. ಎರಡನೆಯದನ್ನು ಎಷ್ಟು ಒತ್ತಿ ಎಳೆದಿದ್ದರೆಂದರೆ ಶಾಯಿ ಹಾಳೆಯ ಆಚೆ ಬದಿಗೂ ಇಳಿದಿತ್ತು. ಅವಳು ಅದನ್ನು ಬೆರಳಿಟ್ಟು ತೋರಿಸಿದಳು. ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತೆ.

ಆಗ ಪರೀಕ್ಷಕರು ಕೇಳಿದರು. "ಇತಿಹಾಸ ಓದಿದ್ದೀರಾ?" ಇಲ್ಲ. "ಮೆಡಿಕಲ್ ಕಡೆಯವರಾ?" ಇಲ್ಲ. "ಮತ್ತೆ ಇದು ನಿಮ್ಮ ಸಬ್ಜೆಕ್ಟ್ ಅಲ್ವಲ್ಲಾ?"

ಲೆಕ್ಕ ತಪ್ಪಿದೆ ಅನ್ನಲಿಲ್ಲ. ಪುಸ್ತಕದ ಓದು ತಪ್ಪಿದೆ ಅನ್ನಲಿಲ್ಲ. ಅಂಥ ಪ್ರಶ್ನೆ ಕೇಳಿದ್ದರೆ ನಾನೇ ಖುಷಿಪಡುತ್ತಿದ್ದೆ. ಮುಂದಿನ ಇಪ್ಪತ್ತು ನಿಮಿಷ ಪೂರ್ತಿ ಅವಳು ಯಾವ ವಿಭಾಗದವಳು ಅನ್ನುವುದರ ಸುತ್ತಲೇ ತಿರುಗಿತು.

ಆ ರೋಗದ ಲೆಕ್ಕ ಎಲ್ಲಿಂದ ಬಂತು ಗೊತ್ತಾ? 1927ರಲ್ಲಿ ಇಬ್ಬರು ಸೇರಿ ಅದನ್ನು ಬರೆದರು. ಮೆಕೆಂಡ್ರಿಕ್ ವೈದ್ಯರು. ಕೆರ್ಮ್ಯಾಕ್ ರಸಾಯನ ವಿಜ್ಞಾನಿ, ಮೂರು ವರ್ಷ ಮೊದಲು ಲ್ಯಾಬಿನಲ್ಲಿ ಆದ ಸ್ಫೋಟದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದರು. ಕಾಯಿಲೆ ಬರಬಹುದಾದವರು, ಬಂದವರು, ವಾಸಿಯಾದವರು ಅಂತ ಜನರನ್ನು ಮೂರು ಗುಂಪು ಮಾಡಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಜನ ಹೋಗುತ್ತಾರೆ ಎಂದು ಲೆಕ್ಕ ಹಾಕುವ ವಿಧಾನ. ಇವತ್ತಿಗೂ ಸಾಂಕ್ರಾಮಿಕ ರೋಗದ ಲೆಕ್ಕಗಳಿಗೆ ಅದೇ ಬುನಾದಿ. ಕಣ್ಣಿಲ್ಲದ ರಸಾಯನ ವಿಜ್ಞಾನಿಗೆ ಯಾರಾದರೂ "ಇದು ನಿಮ್ಮ ಸಬ್ಜೆಕ್ಟ್ ಅಲ್ವಲ್ಲಾ" ಅಂದು ಕಳಿಸಿದ್ದರೆ?

ರೋಗದ ಲೆಕ್ಕವನ್ನು ಹಣಕಾಸಿಗೆ ಹಾಕಿದ್ದೇ ತಪ್ಪು ಅನ್ನುವವರು ರಾಬರ್ಟ್ ಮೇ ಅವರನ್ನು ನೆನೆಸಿಕೊಳ್ಳಲಿ. ಓದಿದ್ದು ಭೌತಶಾಸ್ತ್ರ. ಹೆಸರು ಮಾಡಿದ್ದು ಪ್ರಾಣಿ, ಸಸ್ಯಗಳ ಪರಿಸರ ವಿಜ್ಞಾನದಲ್ಲಿ. 2008ರಲ್ಲಿ ಬ್ಯಾಂಕುಗಳು ಕುಸಿದ ಮೇಲೆ, 2011ರಲ್ಲಿ, ಬ್ಯಾಂಕ್ ಆಫ್ ಇಂಗ್ಲೆಂಡಿನ ಆಂಡ್ರ್ಯೂ ಹಾಲ್ಡೇನ್ ಜೊತೆ ಸೇರಿ ನೇಚರ್ ಪತ್ರಿಕೆಯಲ್ಲಿ ಬರೆದರು. ಆಹಾರ ಸರಪಳಿ ಹೇಗೆ ಕಡಿಯುತ್ತದೆ, ರೋಗ ಹೇಗೆ ಹರಡುತ್ತದೆ ಎಂದು ತಿಳಿದಿದ್ದನ್ನು ಬ್ಯಾಂಕುಗಳಿಗೆ ಹಚ್ಚಿ ನೋಡಿದರು. ನಮ್ಮ ಹುಡುಗಿ ಮಾಡಿದ್ದು ಅದರ ಅಕ್ಕಪಕ್ಕದ ಕೆಲಸವೇ. ಅವಳು ಈ ಪ್ರಬಂಧವನ್ನು ಹೆಸರಿಸಿ ಹೇಳಿದಳು ಕೂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನಗೆ ಜಾಸ್ತಿ ನೋವಾಗುವುದು ಬಾಶೆಲಿಯೆ ಕಥೆ ನೆನೆದಾಗ. ಲೂಯಿ ಬಾಶೆಲಿಯೆ 1900ರಲ್ಲಿ ಪ್ಯಾರಿಸ್‌ನಲ್ಲಿ ಪಿಎಚ್‌ಡಿ ಪ್ರಬಂಧ ಕೊಟ್ಟರು. ಗಣಿತದ ಪ್ರಬಂಧ, ಆದರೆ ವಿಷಯ ಷೇರು ಪೇಟೆ. ಬೆಲೆ ಯಾವ ಗಳಿಗೆಯಲ್ಲಿ ಮೇಲೆ ಹೋಗುತ್ತೆ, ಯಾವಾಗ ಕೆಳಗೆ ಬರುತ್ತೆ ಅಂತ ಹೇಳಲಾಗದಿದ್ದರೂ, ಇಷ್ಟು ಹೊತ್ತಿನಲ್ಲಿ ಎಷ್ಟು ದೂರ ಅಲೆದಾಡಬಹುದು ಎಂಬ ಸಾಧ್ಯತೆಯನ್ನು ಲೆಕ್ಕ ಹಾಕಬಹುದು ಎಂದು ತೋರಿಸಿದರು. ಐದು ವರ್ಷ ಆದಮೇಲೆ, 1905ರಲ್ಲಿ, ಐನ್‌ಸ್ಟೈನ್ ನೀರಿನಲ್ಲಿ ಕಣಗಳು ನಡುಗುವುದನ್ನು ವಿವರಿಸಲು ಅದೇ ಬಗೆಯ ಗಣಿತಕ್ಕೆ ಬಂದರು, ಬಾಶೆಲಿಯೆ ಕೆಲಸದ ಸುಳಿವಿಲ್ಲದೆ. ಆ ನಡುಕವನ್ನು 1827ರಲ್ಲಿ ಸೂಕ್ಷ್ಮದರ್ಶಕದಲ್ಲಿ ಗಮನಿಸಿದ್ದು ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ. ಪರಾಗದೊಳಗಿನ ಪುಡಿ, ನೀರಿನಲ್ಲಿ ನಡುಗುವ ಕಣ, ಷೇರಿನ ಬೆಲೆ. ಮೂರಕ್ಕೂ ಒಂದೇ ಗಣಿತ!

ಬಾಶೆಲಿಯೆಗೆ ಸಿಕ್ಕಿದ್ದೇನು? ವರದಿ ಬರೆದ ಪೊಆಂಕರೆ ದೊಡ್ಡ ಗಣಿತಜ್ಞರು. ಹೊಸತನವನ್ನು ಮೆಚ್ಚಿಕೊಂಡರು, ನಿಜ. ಆದರೆ ನಮ್ಮ ಅಭ್ಯರ್ಥಿಗಳು ಸಾಮಾನ್ಯವಾಗಿ ತೆಗೆದುಕೊಳ್ಳುವ ವಿಷಯಗಳಿಂದ ಇದು ಸ್ವಲ್ಪ ದೂರ ಎಂಬ ಮಾತೂ ಆ ವರದಿಯಲ್ಲಿದೆ. ಪ್ರಬಂಧಕ್ಕೆ ಅತ್ಯುನ್ನತ ದರ್ಜೆ ಸಿಗಲಿಲ್ಲ. ಕಾಯಂ ಪ್ರೊಫೆಸರ್ ಹುದ್ದೆ ಸಿಗುವ ಹೊತ್ತಿಗೆ 1927 ಆಗಿತ್ತು. 1946ರಲ್ಲಿ ತೀರಿಕೊಂಡರು. 1950ರ ದಶಕದಲ್ಲಿ ಸ್ಯಾವೇಜ್ ಎಂಬ ಸಂಖ್ಯಾಶಾಸ್ತ್ರಜ್ಞರ ಕಣ್ಣಿಗೆ ಅವರ ಬರಹ ಬಿತ್ತು. ಅವರು ಅರ್ಥಶಾಸ್ತ್ರದ ಗೆಳೆಯರಿಗೆ ಪೋಸ್ಟ್‌ಕಾರ್ಡ್ ಬರೆದು, ಈ ಮನುಷ್ಯನ ಬಗ್ಗೆ ಗೊತ್ತಾ ಎಂದು ವಿಚಾರಿಸಿದರು. ಕಾರ್ಡ್ ಸಿಕ್ಕವರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಒಬ್ಬರು, ಅವರು ಹುಡುಕಿ ಓದಿದರು. ಇವತ್ತು ಹಣಕಾಸಿನ ಗಣಿತದ ಚರಿತ್ರೆ ಬರೆಯುವವರು ಶುರು ಮಾಡುವುದೇ 1900ರ ಆ ಪ್ರಬಂಧದಿಂದ.

ಅರ್ಧ ಶತಮಾನ ಹೋಯಿತಲ್ಲ, ಅದನ್ನು ಯಾರು ತುಂಬಿಕೊಡುತ್ತಾರೆ?

ನನಗೆ ಗೊತ್ತು, ಕೆಲವರು ಕಾಮೆಂಟಿನಲ್ಲಿ ಹೇಳುವುದು ಒಂದಿದೆ. ಆಳ ಬೇಡವೇ? ಹೊರಗಿನವರು ಬಂದು ಅರೆಬರೆ ತಿಳಿದುಕೊಂಡು ಏನೇನೋ ಬರೆಯುವುದಿಲ್ಲವೇ? ಬರೆಯುತ್ತಾರೆ. ನಾನೂ ಅಂಥವನ್ನು ಓದಿ ತಲೆ ಚಚ್ಚಿಕೊಂಡಿದ್ದೇನೆ. 1994ರಲ್ಲಿ ಸಕ್ಕರೆ ಕಾಯಿಲೆಯ ಒಂದು ಸಂಶೋಧನಾ ಪತ್ರಿಕೆಯಲ್ಲಿ, ರಕ್ತದ ಸಕ್ಕರೆಯ ರೇಖೆಯ ಕೆಳಗಿನ ವಿಸ್ತೀರ್ಣ ಕಂಡುಹಿಡಿಯುವ ಹೊಸ ವಿಧಾನ ಎಂದು ಒಂದು ಪ್ರಬಂಧ ಬಂತು. ಸಣ್ಣ ಸಣ್ಣ ತ್ರಾಪಿಜ್ಯಗಳಾಗಿ ಕತ್ತರಿಸಿ ಕೂಡಿಸುವುದು. ಕ್ಯಾಲ್ಕುಲಸ್ ಕಲಿಯುವ ಮಕ್ಕಳಿಗೆಲ್ಲ ಗೊತ್ತಿರುವ ವಿಧಾನ ಅದು. 2016ರಲ್ಲಿ ಓಸೆನ್‌ಡ್ರೈವರ್ ಎಂಬ ಇತಿಹಾಸಕಾರ ಬ್ಯಾಬಿಲೋನಿನ ಜೇಡಿಮಣ್ಣಿನ ಹಲಗೆಗಳಲ್ಲಿ ಅಂಥದ್ದೇ ಲೆಕ್ಕವನ್ನು ಓದಿ ತೋರಿಸಿದರು. ಗುರು ಗ್ರಹ ಆಕಾಶದಲ್ಲಿ ಎಷ್ಟು ಸರಿಯಿತು ಎಂದು ಕಂಡುಹಿಡಿಯಲು ಬ್ಯಾಬಿಲೋನಿನವರು ಕ್ರಿಸ್ತಪೂರ್ವದಲ್ಲೇ ತ್ರಾಪಿಜ್ಯದ ವಿಸ್ತೀರ್ಣ ಬಳಸುತ್ತಿದ್ದರು.

ಆ ವೈದ್ಯಕೀಯ ಪ್ರಬಂಧವನ್ನು ಜನ ಇನ್ನೂ ಆಡಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಲ್ಲಿ ತಪ್ಪಿದ್ದು ಬೇರೆ ವಿಷಯಕ್ಕೆ ಕೈ ಹಾಕಿದ್ದಲ್ಲ. ಪಕ್ಕದ ಗಣಿತ ವಿಭಾಗದ ಬಾಗಿಲು ತಟ್ಟಿ ಒಂದು ಮಾತು ಕೇಳದೇ ಹೋದದ್ದು, ಪ್ರಕಟಿಸುವ ಮೊದಲು ಒಬ್ಬ ಗಣಿತದವರಿಗೆ ತೋರಿಸದೇ ಹೋದದ್ದು. ಅದಕ್ಕೆ ಗೋಡೆಯನ್ನು ಇನ್ನೂ ಎತ್ತರ ಮಾಡಿದರೆ ಏನು ಬಂತು?

ಆಳ ಅಂದರೆ ಏನು ಅಂತ ನೋಡಬೇಕಾದರೆ ಡಿ.ಡಿ. ಕೋಸಂಬಿ ಅವರ ಕೆಲಸ ನೋಡಿ. ಗಣಿತದ ಮೇಷ್ಟ್ರು. ಹಳೇ ಬೆಳ್ಳಿ ನಾಣ್ಯಗಳನ್ನು ಸಾವಿರಾರು ಲೆಕ್ಕದಲ್ಲಿ ಒಂದೊಂದಾಗಿ ತಕ್ಕಡಿಗೆ ಹಾಕಿ ತೂಗಿದರು. ನಾಣ್ಯ ಕೈಯಿಂದ ಕೈಗೆ ಹೋದಷ್ಟೂ ಸವೆಯುತ್ತದೆ, ತೂಕ ಕೂದಲೆಳೆಯಷ್ಟು ಇಳಿಯುತ್ತದೆ. ಹಿಂಬದಿಯಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಮುದ್ರೆ ಹೆಚ್ಚಾದಷ್ಟೂ ಸರಾಸರಿ ತೂಕ ಕಡಿಮೆಯಾಗುತ್ತಾ ಹೋಗುವುದನ್ನು ಅವರು ಕಂಡರು. ಅಂದರೆ ಯಾವ ನಾಣ್ಯ ಹೆಚ್ಚು ಕಾಲ ಪೇಟೆಯಲ್ಲಿ ಓಡಾಡಿದೆ ಎಂದು ನಾಣ್ಯವೇ ಹೇಳುತ್ತದೆ. ಬರಿ ಮುದ್ರೆಗಳ ಚಿತ್ರ ನೋಡುತ್ತಾ ಕೂತಿದ್ದರೆ ಇದು ಹೊಳೆಯುತ್ತಿತ್ತೇ? ತಳಿಶಾಸ್ತ್ರದಲ್ಲಿ ವಂಶವಾಹಿಗಳ ನಡುವಿನ ದೂರ ಅಳೆಯಲು 'ಕೋಸಂಬಿ ಸೂತ್ರ' ಅಂತ ಬಳಸುತ್ತಾರಲ್ಲ, ಅದೂ ಇವರದೇ, 1940ರ ದಶಕದ್ದು. ಅದನ್ನು ದಿನಾ ಬಳಸುವ ಸಂಶೋಧಕರೊಬ್ಬರಿಗೆ ನಾನು ನಾಣ್ಯದ ವಿಷಯ ಹೇಳಿದಾಗ, ಅದು ಬೇರೆ ಕೋಸಂಬಿ ಇರಬೇಕು ಅಂದರು.

ಈಗ ನನ್ನದೊಂದು ಮಾತು. ಹಳೇ ಗೆಳೆಯರಿಗೂ ಇದನ್ನು ಹೇಳಿಲ್ಲ. ನಾನು ಭೌತಶಾಸ್ತ್ರ ಕಲಿಸುತ್ತಿದ್ದಾಗ ಒಬ್ಬ ಹುಡುಗ ಬಂದಿದ್ದ. ಹಳೇ ದಾಖಲೆಗಳಲ್ಲಿ ಬರುವ ಗ್ರಹಣಗಳನ್ನು ಲೆಕ್ಕ ಹಾಕಿ ನೋಡ್ತೀನಿ ಸರ್ ಅಂದ. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ, ತಲೆ ಎತ್ತಲಿಲ್ಲ. "ಅದು ಇತಿಹಾಸದವರ ಕೆಲಸ, ನಿನ್ನ ಸಬ್ಜೆಕ್ಟ್ ನೋಡ್ಕೋ" ಅಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಸ್ಟೀಫನ್‌ಸನ್ ಎಂಬ ವಿಜ್ಞಾನಿ ಅದೇ ಕೆಲಸವನ್ನು ದಶಕಗಳಿಂದ ಮಾಡುತ್ತಿದ್ದರು, ನನಗೆ ಗೊತ್ತಿರಲಿಲ್ಲ. ಬ್ಯಾಬಿಲೋನ್, ಚೀನಾದ ಹಳೇ ದಾಖಲೆಗಳಲ್ಲಿ ಗ್ರಹಣ ಎಲ್ಲಿ, ಯಾವ ಹೊತ್ತಿಗೆ ಕಂಡಿತು ಎಂದು ಬರೆದಿದ್ದಾರೆ. ಭೂಮಿ ಸದಾ ಇವತ್ತಿನ ವೇಗದಲ್ಲೇ ತಿರುಗಿದ್ದರೆ ಆ ಗ್ರಹಣಗಳು ಅಲ್ಲಿ, ಆ ಹೊತ್ತಿಗೆ ಕಾಣುವಂತೆಯೇ ಇರಲಿಲ್ಲ. ಗಂಟೆಗಟ್ಟಲೆ ವ್ಯತ್ಯಾಸ. ಆ ವ್ಯತ್ಯಾಸದಿಂದಲೇ ದಿನದ ಉದ್ದ ಶತಮಾನಕ್ಕೆ ಸರಾಸರಿ 1.78 ಮಿಲಿಸೆಕೆಂಡಿನಷ್ಟು ಹೆಚ್ಚುತ್ತಿದೆ ಎಂದು 2016ರಲ್ಲಿ ಅವರ ತಂಡ ಪ್ರಕಟಿಸಿತು. ಸಾವಿರಾರು ವರ್ಷದ ಹಿಂದೆ ಯಾರೋ ಹಸಿ ಮಣ್ಣಿನ ಮೇಲೆ ಗೀಚಿಟ್ಟಿದ್ದು ಭೂಮಿಯ ಗಡಿಯಾರ ಸರಿಪಡಿಸಲು ಬಂತು. ಆ ಪ್ರಬಂಧ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹುಡುಗನ ಹೆಸರು ನೆನಪಿದೆ. ಎಲ್ಲಿದ್ದಾನೋ ಗೊತ್ತಿಲ್ಲ.

ಅದಕ್ಕೇ ಮೊನ್ನೆ ಆ ಮಾತು ಕೇಳಿದಾಗ ಕೂರಲಾಗಲಿಲ್ಲ. ಎದ್ದು ನಿಂತು, ಅವಳ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಅಂತ ಹೇಳಿ, ಅದನ್ನು ಚರ್ಚೆ ಮಾಡೋಣ ಅಂದೆ. ಸಭಿಕರಿಗೆ ಮಾತಾಡುವ ಅವಕಾಶ ಇಲ್ಲ ಅಂತ ಕೂರಿಸಿದರು.

ತೀರ್ಪು ಇನ್ನೂ ಬಂದಿಲ್ಲ. ಪ್ರಬಂಧದ ಶೀರ್ಷಿಕೆ ಬದಲಿಸಿ, ರೋಗದ ಲೆಕ್ಕದ ಅಧ್ಯಾಯ ತೆಗೆದು ಮತ್ತೆ ಕೊಡಿ ಅನ್ನುವ ಮಾತು ನಡೆದಿದೆಯಂತೆ. ನಿನ್ನೆ ರಾತ್ರಿ ಅವಳು ಮೆಸೇಜ್ ಮಾಡಿದ್ದಳು. ಇದರ ಬಗ್ಗೆ ಇರಬೇಕು ಅಂದುಕೊಂಡು ತೆರೆದೆ. ಅಲ್ಲ. ಆ ಪುಸ್ತಕದಲ್ಲಿ ಮೂರನೇ ಗೆರೆಯೊಂದು ಸಿಕ್ಕಿದೆಯಂತೆ, ಅವಳ ಲೆಕ್ಕ ಹೇಳಿದ್ದಕ್ಕಿಂತ ಎರಡು ತಿಂಗಳು ಮೊದಲೇ. ಯಾಕೆ ಮೊದಲೇ ಬಂತು ಸರ್ ಅಂತ ಕೇಳಿದ್ದಾಳೆ. ನಾನೂ ಬೆಳಗ್ಗೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ.