ಸುತ್ತಿಗೆ ಹಿಡಿದ ಇಲಿ

ನಮ್ಮ ಕಾರಿನ ಚಕ್ರದ ವೈರನ್ನು ಇಲಿ ಕಡಿದಿದೆ ಎಂಬ ಸುದ್ದಿಯನ್ನು ಮನೆಯಲ್ಲಿ ಹಬ್ಬಿಸಿದವನು ನಾನೇ. ಬನಶಂಕರಿಯ ನಮ್ಮ ಬೀದಿಯಲ್ಲಿ ಇಂಥ ಸುದ್ದಿಯನ್ನು ಯಾರೂ ಅನುಮಾನಿಸುವುದಿಲ್ಲ. ಎದುರುಮನೆಯವರು ಮಗಳ ನಿಶ್ಚಿತಾರ್ಥಕ್ಕೆ ಹೊರಟು ನಿಂತಾಗ ಕಾರು ಜಪ್ಪಯ್ಯ ಎಂದರೂ ಚಾಲೂ ಆಗದೆ, ಬಾನೆಟ್ ಎತ್ತಿದರೆ ಇಲಿ ಕಡಿದ ವೈರುಗಳು ಕಂಡು, ಕೊನೆಗೆ ರೇಷ್ಮೆ ಸೀರೆಗಳೆಲ್ಲ ಎರಡು ಆಟೋಗಳಲ್ಲಿ ಹೋದದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ನನ್ನ ಹೆಂಡತಿಯೂ ನಂಬಿದಳು. ನಂಬಿದಳು ಎಂದುಕೊಂಡೆ.

ನಡೆದದ್ದು ಬೇರೆ. ಬ್ರೇಕ್ ಒತ್ತಿದಾಗ ಮುಂದಿನಿಂದ ಕಿರ್ರನೆ ಸದ್ದು ಬರುತ್ತಿತ್ತು. ಗ್ಯಾರೇಜಿನವರು ನೋಡಿ, ಪ್ಯಾಡುಗಳು ಸವೆದಿವೆ, ಪ್ಯಾಡಿಗೆ 1,900 ರೂಪಾಯಿ, ಕೂಲಿ 700 ಎಂದರು. ಪ್ಯಾಡಿನ ಬೆಲೆ ನ್ಯಾಯವಾಗಿಯೇ ಕಂಡಿತು. ಆ 700 ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಮೊಬೈಲಿನಲ್ಲಿ ಒಬ್ಬ ಹುಡುಗ ಹನ್ನೊಂದೇ ನಿಮಿಷದಲ್ಲಿ, ಬಿಳಿ ಅಂಗಿಗೆ ಒಂದು ಕಲೆಯೂ ಆಗದಂತೆ, ಇದೇ ಕೆಲಸ ಮುಗಿಸಿದ್ದನ್ನು ನಾನು ಮೂರು ಸಲ ನೋಡಿದ್ದೆ. ಅಲ್ಲದೆ ನನ್ನ ಬಳಿ ಸ್ಪ್ಯಾನರ್ ಸೆಟ್ ಇದೆ. ಪ್ರತಿ ಆಯುಧಪೂಜೆಯಲ್ಲೂ ಅದಕ್ಕೆ ಅರಿಶಿನ ಕುಂಕುಮ ಬೀಳುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದಕ್ಕೆ ಪೂರ್ಣ ವಿಶ್ರಾಂತಿ.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಜಾಕ್ ಏರಿಸಿದೆ. ಮೊದಲು ಬಲಗಡೆ. ಬಲಗಡೆಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಎಲ್ಲವೂ ಸರಿಯಾಗಿಯೇ ಆಯಿತು. ಮುಂದಿನ ಅನಾಹುತಕ್ಕೆಲ್ಲ ಮೂಲ ಅದೇ. ಎರಡು ಬೋಲ್ಟ್ ಬಿಚ್ಚಿ, ಪ್ಯಾಡುಗಳನ್ನು ಒತ್ತಿಹಿಡಿಯುವ ಕ್ಯಾಲಿಪರ್ ಎತ್ತಿದೆ. ಅದರ ಭಾರ ಬ್ರೇಕಿನ ಪೈಪಿನ ಮೇಲೆ ಬೀಳದಿರಲೆಂದು ಹೆಂಡತಿಯ ಸೀರೆಯ ಹ್ಯಾಂಗರನ್ನು ಬಗ್ಗಿಸಿ, ಅದರಿಂದ ಸ್ಪ್ರಿಂಗಿಗೆ ತೂಗುಹಾಕಿದೆ. ಪಿಸ್ಟನ್ ಒಳಗೆ ತಳ್ಳಿ ಹೊಸ ಪ್ಯಾಡ್ ಕೂರಿಸುವ ಹೊತ್ತಿಗೆ ಮನಸ್ಸಿನಲ್ಲಿ ಒಂದು ಸಣ್ಣ ಗ್ಯಾರೇಜ್ ತೆರೆದು ಬೋರ್ಡನ್ನೂ ಬರೆಸಿಯಾಗಿತ್ತು.

ಎಡಗಡೆಯ ಪ್ಯಾಡ್ ತುಕ್ಕಿಗೆ ಕಚ್ಚಿಕೊಂಡಿತ್ತು. ಬಿಳಿ ಅಂಗಿಯ ಹುಡುಗನ ಕಾರಿಗೆ ತುಕ್ಕು ಹಿಡಿದಿರಲಿಲ್ಲ, ಆದ್ದರಿಂದ ಅವನು ಈ ವಿಷಯದಲ್ಲಿ ಏನೂ ಹೇಳಿರಲಿಲ್ಲ. ಸುತ್ತಿಗೆ ತಂದು ಹಿಂಬದಿಯಿಂದ ಮೆಲ್ಲಗೆ ತಟ್ಟಿದೆ. ಅಲುಗಲಿಲ್ಲ. ಸ್ವಲ್ಪ ಗಟ್ಟಿಯಾಗಿ ಬಡಿದೆ. ಮೂರನೆಯ ಪೆಟ್ಟು ಪ್ಯಾಡನ್ನು ಬಿಟ್ಟು, ಪಕ್ಕದಲ್ಲಿ ತನ್ನ ಪಾಡಿಗೆ ತಾನು ಕುಳಿತಿದ್ದ ಹೆಬ್ಬೆರಳಿನ ಗಾತ್ರದ ಕಪ್ಪು ಪ್ಲಾಸ್ಟಿಕ್ ತುಂಡಿನ ಮೇಲೆ ಬಿತ್ತು. ಚಟ್ ಎಂದಿತು. ಅದರಿಂದ ಒಂದು ವೈರು ಹೊರಟು ಕಾರಿನೊಳಗೆ ಹೋಗಿರುವುದು ಕಣ್ಣಿಗೆ ಬಿದ್ದದ್ದು ಆಗಲೇ. ಬಿರುಕಿಗೆ ಇನ್ಸುಲೇಷನ್ ಟೇಪು ಸುತ್ತಿದೆ. ಕಪ್ಪಿನ ಮೇಲೆ ಕಪ್ಪು, ಯಾರಿಗೂ ಕಾಣುವಂತಿರಲಿಲ್ಲ.

ಕಾರಿಗೆ ಕಂಡಿತು. ಬೀದಿಯ ತಿರುವು ಮುಟ್ಟುವುದರೊಳಗೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್, ಅಂದರೆ ಬ್ರೇಕ್ ತುಳಿದಾಗ ಚಕ್ರ ಬಿಗಿದು ಜಾರದಂತೆ ಕಾಯುವ ವ್ಯವಸ್ಥೆಯ ಹಳದಿ ದೀಪ ಹತ್ತಿತು. ಅದರ ಬೆನ್ನಿಗೇ, ಹಾವಿನಂಥ ಗೆರೆಗಳನ್ನು ಬಿಟ್ಟು ಜಾರುತ್ತಿರುವ ಕಾರಿನ ಚಿತ್ರವೂ ಹೊತ್ತಿಕೊಂಡಿತು. ಸಂಜೆ ದೇವಸ್ಥಾನಕ್ಕೆ ಹೊರಟಾಗ ಹೆಂಡತಿ, “ರೀ, ಇದೇನು ಹೊಸ ದೀಪ?” ಎಂದಳು. ನನ್ನ ಬಾಯಿಂದ “ಇಲಿ” ಎಂದು ಬಂದುಬಿಟ್ಟಿತು.

ಆ ಕಪ್ಪು ತುಂಡು ಏನೆಂದು, ಅದನ್ನು ಒಡೆದ ಮೇಲೆ ಓದಿಕೊಂಡೆ. ಚಕ್ರದ ಜೊತೆಗೆ ಹಲ್ಲುಗಳಿರುವ ಒಂದು ಬಳೆ ತಿರುಗುತ್ತದೆ. ಅದನ್ನು ಮುಟ್ಟದೆ, ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಕುಳಿತು, ದಾಟಿಹೋಗುವ ಹಲ್ಲುಗಳನ್ನು ಎಣಿಸುವುದು ಈ ಸೆನ್ಸರಿನ ಕೆಲಸ. ಮದುವೆ ಛತ್ರದಲ್ಲಿ ಎಲೆ ಲೆಕ್ಕಕ್ಕೆಂದು ಕೂರಿಸುವ ಸೋದರಮಾವನ ಹಾಗೆ. ನಾಲ್ಕು ಚಕ್ರಕ್ಕೆ ನಾಲ್ವರು ಮಾವಂದಿರು. ಜೋರಾಗಿ ಬ್ರೇಕ್ ತುಳಿದಾಗ ಒಂದು ಚಕ್ರದ ಲೆಕ್ಕ ಮಾತ್ರ ದಿಢೀರನೆ ಕುಸಿದರೆ, ಆ ಚಕ್ರ ಬಿಗಿದು ಜಾರಲಿದೆ ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಅದು ಆ ಚಕ್ರದ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಒಬ್ಬ ಮಾವ ಪೆಟ್ಟು ತಿಂದು ಎದ್ದುಹೋದರೆ ಊಟ ನಿಲ್ಲುವುದಿಲ್ಲ, ಮಾಮೂಲಿ ಬ್ರೇಕು ಎಂದಿನಂತೆ ಹಿಡಿಯುತ್ತದೆ. ಆದರೆ ಉಳಿದ ಮೂವರ ಲೆಕ್ಕವನ್ನು ನಂಬಿ ಕೆಲಸ ಮಾಡಲು ಕಂಪ್ಯೂಟರ್ ಒಪ್ಪದೆ ಎಬಿಎಸ್ ಅಂಗಡಿಯನ್ನೇ ಮುಚ್ಚಿಬಿಡುತ್ತದೆ. ಮಳೆಯಲ್ಲಿ ಎಮ್ಮೆ ಅಡ್ಡ ಬಂದ ದಿನ ಅದರ ಬೆಲೆ ಗೊತ್ತಾಗುತ್ತದೆ. ಅಪ್ಪನ ಮಾರುತಿ 800ರಲ್ಲಿ ಇದ್ಯಾವುದೂ ಇರಲಿಲ್ಲ; ಒತ್ತಿದರೆ ನಿಲ್ಲುತ್ತಿತ್ತು, ಇಲ್ಲವೇ ಜಾರುತ್ತಿತ್ತು. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಮಾಡಿದವರು, ಅದರ ಪಕ್ಕದಲ್ಲೇ ನನ್ನಂಥವನೊಬ್ಬ ಸುತ್ತಿಗೆ ಬೀಸುತ್ತಾನೆಂದು ಯೋಚಿಸಿರಲಿಕ್ಕಿಲ್ಲ.

ಇಷ್ಟು ತಿಳಿದ ಮೇಲಾದರೂ ಗ್ಯಾರೇಜಿಗೆ ಹೋಗಬೇಕಿತ್ತು. ಹೋದರೆ ಹೇಳಬೇಕಾಗುತ್ತದಲ್ಲ! ಮೊದಲು 650 ರೂಪಾಯಿಯ ಒಂದು ಪುಟ್ಟ ಸ್ಕ್ಯಾನರ್ ತರಿಸಿದೆ. ಸ್ಟೀರಿಂಗಿನ ಕೆಳಗೆ ಚುಚ್ಚಿದರೆ ಮೊಬೈಲಿನಲ್ಲಿ ಕಾರಿನ ಕಾಯಿಲೆಗಳೆಲ್ಲ ಕಾಣುತ್ತವೆಂದು ಡಬ್ಬಿಯ ಮೇಲೆ ಬರೆದಿತ್ತು. ಚುಚ್ಚಿದೆ. “ದೋಷವಿಲ್ಲ” ಎಂದಿತು. ಅದು ಎಂಜಿನ್ನಿನ ಕಾಯಿಲೆಗಳನ್ನಷ್ಟೇ ಓದುತ್ತದೆ, ಎಬಿಎಸ್ ಕಡೆ ತಿರುಗಿಯೂ ನೋಡುವುದಿಲ್ಲ. ಹಲ್ಲುನೋವೆಂದು ಹೋದವನಿಗೆ ಮಂಡಿ ಚೆನ್ನಾಗಿದೆ ಎಂದು ಚೀಟಿ ಕೊಟ್ಟಂತಾಯಿತು.

ಮರುದಿನ ಜೆ.ಸಿ. ರಸ್ತೆಗೆ ಹೋದೆ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗುವಾಗೆಲ್ಲ ಆ ಬಿಡಿಭಾಗದ ಅಂಗಡಿಗಳನ್ನು ದಾಟಿದ್ದೇನೆ, ಗಿರಾಕಿಯಾಗಿ ಹೋದದ್ದು ಅದೇ ಮೊದಲು. ಅಂಗಡಿಯಾತ ಕಾರಿನ ಹೆಸರು, ವರ್ಷ ಕೇಳಿ, “ಮುಂದಿನದೋ ಹಿಂದಿನದೋ?” ಎಂದ. ಮುಂದಿನದು. “ಎಡವೋ ಬಲವೋ?” ಕಣ್ಣು ಮುಚ್ಚಿ, ಆಯುಧಪೂಜೆಯ ದಿನ ಆರತಿ ಹಿಡಿದು ಕಾರಿನ ಎದುರು ನಿಲ್ಲುವ ದೃಶ್ಯವನ್ನು ನೆನೆದುಕೊಂಡೆ. ಕೆಟ್ಟ ಚಕ್ರ ನನ್ನ ಬಲಕ್ಕಿತ್ತು. “ಬಲ” ಎಂದೆ. 1,850 ರೂಪಾಯಿ. ಕಾರಿನ ಎಡಬಲವನ್ನು ಒಳಗೆ ಕುಳಿತು ನೋಡಬೇಕೇ ಹೊರತು ಆರತಿ ಹಿಡಿದಲ್ಲ ಎಂಬುದು ಆಗ ಹೊಳೆಯಲಿಲ್ಲ.

ಮನೆಗೆ ಬಂದು ಹಳೆಯದನ್ನು ಕೀಳಲು ಕುಳಿತೆ. ಹಿಡಿದಿದ್ದದ್ದು ಒಂದೇ ಬೋಲ್ಟು, ಹತ್ತರ ಸ್ಪ್ಯಾನರಿಗೆ ಮಗುವಿನಂತೆ ಬಿಚ್ಚಿಕೊಂಡಿತು. ಸೆನ್ಸರ್ ಮಾತ್ರ ತೂತಿನೊಳಗೆ ತುಕ್ಕಿನ ಜೊತೆ ಸಂಸಾರ ಹೂಡಿತ್ತು. ಇಕ್ಕಳದಲ್ಲಿ ಹಿಡಿದು ತಿರುಚಿದೆ. ಟೇಪು ಸುತ್ತಿದ ಅರ್ಧ ಕೈಗೆ ಬಂತು, ಉಳಿದರ್ಧ ಒಳಗೇ ಉಳಿಯಿತು.

ಆ ಅರ್ಧವನ್ನು ಜೇಬಿನಲ್ಲಿಟ್ಟುಕೊಂಡು ಗ್ಯಾರೇಜಿಗೆ ಹೋದೆ. “ಇಲಿ ಕಡಿದಿದೆ ಅನಿಸುತ್ತದೆ” ಎಂದೆ, ಆದಷ್ಟು ಬೇಸರದ ದನಿಯಲ್ಲಿ. ಹಿರಿಯ ಮೆಕ್ಯಾನಿಕ್ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಇಲಿ ಸುತ್ತಿಗೆ ತಂದಿತ್ತೇ ಸಾರ್?”

ನಾನು ಮಾತಾಡಲಿಲ್ಲ.

“ಒಳ್ಳೆಯ ಇಲಿ. ಹೋಗುವ ಮುಂಚೆ ಟೇಪನ್ನೂ ಸುತ್ತಿದೆ.”

ನಾನು ತಂದ ಹೊಸ ಸೆನ್ಸರನ್ನು ಪಕ್ಕದಲ್ಲಿಟ್ಟು, ವೈರಿನ ತಿರುವು ತಿರುಗುಮುರುಗಾಗಿರುವುದನ್ನು ಬೆರಳಿನಿಂದ ತೋರಿಸಿದರು, ಬಾಯಿಂದ ಏನೂ ಹೇಳಲಿಲ್ಲ. ಅದು ಅವರ ದೊಡ್ಡತನ. ಮತ್ತೆ ಜೆ.ಸಿ. ರಸ್ತೆ. ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲವಂತೆ. ಮತ್ತೆ 1,850. ಅಷ್ಟರಲ್ಲಿ ಅವರು ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಕಾದು, ಒಳಗಿದ್ದ ಚೂರನ್ನು ತಟ್ಟಿ ಹೊರಗೆ ಹಾಕಿ, ತೂತನ್ನು ಎಮರಿ ಕಾಗದದಿಂದ ಉಜ್ಜಿ ಇಟ್ಟಿದ್ದರು. ಅವರು ಬಳಸಿದ್ದೂ ಸುತ್ತಿಗೆಯನ್ನೇ. ಕೂಲಿ 900.

ಹೊಸದು ಕೂತ ಮೇಲೂ ದೀಪ ಆರಲಿಲ್ಲ. “ಸ್ವಲ್ಪ ಓಡಿಸಿ ಸಾರ್. ಇಪ್ಪತ್ತು ಕಿಲೋಮೀಟರ್ ವೇಗ ದಾಟಿದರೆ ನಾಲ್ಕೂ ಚಕ್ರದ ಲೆಕ್ಕ ತಾಳೆ ನೋಡಿ ತಾನೇ ಆರುತ್ತದೆ” ಎಂದರು. ಸಂಜೆ ಆರೂವರೆ, ಕನಕಪುರ ರಸ್ತೆ. ಇಪ್ಪತ್ತು ಎಲ್ಲಿಂದ ತರಲಿ? ಹನ್ನೆರಡು, ಒಂಬತ್ತು, ಸೊನ್ನೆ, ಹದಿನಾಲ್ಕು. ಒಮ್ಮೆ ಹದಿನೆಂಟು ಮುಟ್ಟಿತು, ಅಷ್ಟರಲ್ಲಿ ಒಂದು ಬಿಎಂಟಿಸಿ ಬಸ್ ನಿಧಾನವಾಗಿ ಅಡ್ಡ ಬಂತು. ಊಟ ಮುಗಿಸಿ ರಾತ್ರಿ ಹನ್ನೊಂದಕ್ಕೆ, ಹಾಲು ತರುತ್ತೇನೆಂದು ಹೇಳಿ, ಖಾಲಿ ರಸ್ತೆಗೆ ಕಾರು ಇಳಿಸಿದ ಮೇಲೆಯೇ ದೀಪ ಆರಿದ್ದು. ಹಾಲು ತರುವುದು ಮರೆತುಹೋಯಿತು.

ಬಲಗಡೆಯ ಸೆನ್ಸರ್ ಈಗಲೂ ಬೀರುವಿನಲ್ಲಿದೆ. ಹೆಂಡತಿ ಮಾತ್ರ ಇಲಿಯನ್ನು ಬಿಡಲಿಲ್ಲ. ಮರುದಿನವೇ ಮರದ ಬೋನು ತಂದು ಕಾರಿನ ಪಕ್ಕದಲ್ಲಿಟ್ಟಳು. ದಿನಾ ರಾತ್ರಿ ಕೊಬ್ಬರಿ ಚೂರನ್ನು ಸುಟ್ಟು ಕೊಕ್ಕೆಗೆ ಸಿಕ್ಕಿಸುವ ಕೆಲಸ ನನ್ನದು. ಮೂರು ವಾರದಿಂದ ಒಂದೂ ಬಿದ್ದಿಲ್ಲ. “ಜಾಣ ಇಲಿ” ಎನ್ನುತ್ತಾಳೆ. ನಿನ್ನೆ ಹೋಗಿ ನೋಡಿದರೆ ಕೊಕ್ಕೆಯಲ್ಲಿ ಕೊಬ್ಬರಿ ಆಗಲೇ ಇತ್ತು. ಬೋನಿನ ಪಕ್ಕದಲ್ಲಿ ನನ್ನ ಸುತ್ತಿಗೆ, ಸೊಟ್ಟಗಾದ ಸೀರೆಯ ಹ್ಯಾಂಗರ್, ಎರಡನ್ನೂ ಒರೆಸಿ ಒಪ್ಪವಾಗಿ ಇಡಲಾಗಿತ್ತು.