ನೂರ್ ಅಂದರೆ ನೂರು

ನಿನ್ನೆ ರಿಹರ್ಸಲ್‌ನಿಂದ ಬಂದ ಮೇಲೆ ಬಲಗೈ ಎತ್ತಲು ಆಗುತ್ತಿಲ್ಲ. ಚಹಾ ಲೋಟ ಎಡಗೈಯಲ್ಲಿದೆ. ತಪ್ಪು ನನ್ನದೇ. ಜರ್ಮನಿಗೆ ಬಂದಾಗ ಇಲ್ಲಿನ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಪಿಟೀಲಿಗೆ ಜಾಗ ಇರಲಿಲ್ಲ, ಅದರ ದಪ್ಪ ಅಣ್ಣ ವಯೋಲಾಗೆ ಇತ್ತು. ಖಾಲಿ ಸೀಟು ಯಾಕೆ ಖಾಲಿ ಇದೆ ಅಂತ ಮೊದಲೇ ಕೇಳಬೇಕಿತ್ತು, ಅಲ್ವಾ?

ನಾವು 15 ಜನ. ಈ ಸಲ ಕೈ ಹಾಕಿರುವುದು ಜರ್ಮನ್ ಸಂಗೀತಕಾರ ವಾಗ್ನರ್‌ನ 'ದಾಸ್ ರೈನ್‌ಗೋಲ್ಡ್'ಗೆ. 1869ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ರಂಗಕ್ಕೆ ಬಂದ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಮಧ್ಯಂತರವೇ ಇಲ್ಲದೆ ಸುಮಾರು ಎರಡೂವರೆ ಗಂಟೆ. ಊದುವ ಹಿತ್ತಾಳೆ ವಾದ್ಯ ಹಾರ್ನ್‌ಗಳೇ 8 ಬೇಕು, ಎದುರಿಗೆ ತಂತಿ ಮೀಟುವ 6 ಹಾರ್ಪ್, ರಂಗದ ಮೇಲೆ ಇನ್ನೊಂದು. ನಮ್ಮಲ್ಲಿರುವುದು ಒಂದು ಹಾರ್ನ್, ಒಂದು ಕೀಬೋರ್ಡ್. ಹಾರ್ಪ್‌ಗಳೆಲ್ಲ ಕೀಬೋರ್ಡ್ ಪಾಲಾದವು. ಮಿಕ್ಕಿದ್ದು ನನಗೆ.

ಆರ್ಕೆಸ್ಟ್ರಾ ನಡೆಸುವ ನಮ್ಮ ಕಂಡಕ್ಟರ್ ಕೈಯಲ್ಲಿ ಸದಾ ಪೆನ್ಸಿಲ್. ದಿಕ್ಕಿಲ್ಲದ ಸ್ವರ ಒಂದು ಸಿಕ್ಕರೆ ಸಾಕು, ತಂದು ನನ್ನ ಹಾಳೆಯಲ್ಲಿ ಬರೆಯುತ್ತಾರೆ. "ನೂರ್ ಐನ್ ಬಿಸ್ಶೆನ್" ಅನ್ನುತ್ತಾರೆ, ಮಗುವಿಗೆ ಹರಳೆಣ್ಣೆ ಕುಡಿಸುವ ದನಿಯಲ್ಲಿ. ಜರ್ಮನ್‌ನಲ್ಲಿ ನೂರ್ ಅಂದರೆ ಬರೀ. ಬರೀ ಒಂಚೂರು ಅಂತ. ನನ್ನ ಪಾಲಿಗೆ ಮಾತ್ರ ನೂರು ಅಂದರೆ ನೂರೇ.

ಶುರುವಿನಲ್ಲೇ 136 ಬಾರ್, ಅಂದರೆ ತಾಳದ ಆವರ್ತ, ಒಂದೇ ಇ ಫ್ಲ್ಯಾಟ್ ಸ್ವರ, ನಮ್ಮ ತಂಬೂರಿ ಶ್ರುತಿಯ ಹಾಗೆ. ಅದರ ಮೇಲೆ ಎಂಟು ಹಾರ್ನ್ ಒಂದರ ಹಿಂದೊಂದು ಏಳಬೇಕು. ಮೊದಲನೆಯದನ್ನು ಹಾರ್ನ್‌ನವನು ಊದಿ ಕೃತಾರ್ಥನಾದ. ಎರಡನೆಯದು? ನೂರ್ ಐನ್ ಬಿಸ್ಶೆನ್. ನಾಲ್ಕನೆಯದು? ನೂರ್ ಐನ್ ಬಿಸ್ಶೆನ್. ಆರನೆಯದಕ್ಕೆ ಬರುವಷ್ಟರಲ್ಲಿ ನನ್ನ ಹಾಳೆಯಲ್ಲಿ ಅಚ್ಚಿಗಿಂತ ಪೆನ್ಸಿಲ್ಲೇ ಜಾಸ್ತಿ. "ಹಾಳೆ ತಿರುಗಿಸಲು ಕೈ ಖಾಲಿ ಇಲ್ಲ" ಅಂದೆ. "ಗದ್ದದಲ್ಲಿ ತಿರುಗಿಸಬಹುದಾ?" ಅಂದರು. ಗದ್ದದಡಿ ವಯೋಲಾ ಇದೆಯಲ್ಲ ಸ್ವಾಮಿ!

ನಿನ್ನೆ ಪಾತಾಳಕ್ಕೆ ಇಳಿಯುವ ಭಾಗ. ಅಲ್ಲಿ ಕುಳ್ಳರು ಚಿನ್ನ ಬಡಿಯುವ ಸದ್ದಿಗೆ ವಾಗ್ನರ್ ಕಮ್ಮಾರರು ಕಬ್ಬಿಣ ಬಡಿಯುವ 18 ಅಡಿಗಲ್ಲು ಕೇಳಿದ್ದಾನೆ. ನಾನು ಕಳೆದ ವಾರ ಬಾಯಿ ತಪ್ಪಿ, ಅಮ್ಮ ಸೂಟ್‌ಕೇಸಿಗೆ ತುರುಕಿದ್ದ ಕಬ್ಬಿಣದ ಕುಟ್ಟಾಣಿಯ ವಿಷಯ ಹೇಳಿಬಿಟ್ಟಿದ್ದೆ. ತಂದಿದ್ದೂ ಆಯಿತು. ವಯೋಲಾ ತೊಡೆಯ ಮೇಲೆ, ಕುಟ್ಟಾಣಿ ಸ್ಟೂಲಿನ ಮೇಲೆ. ಹದಿನೆಂಟು ಜನರ ಕೆಲಸ ಒಬ್ಬನೇ ಕುಟ್ಟಿದೆ.

ಕುಟ್ಟುತ್ತಾ ಕುಟ್ಟುತ್ತಾ ಸುಮ್ನೆ ಮೈಸೂರಿನ ಮನೆ ನೆನಪಾಯಿತು. ಬೆಳಗ್ಗೆ ಹಾಸಿಗೆಯಲ್ಲಿರುವಾಗಲೇ ಅಡುಗೆಮನೆಯಿಂದ ಇದೇ ಟಣ್ ಟಣ್. ಆ ಸದ್ದು ನಿಂತರೆ ಚಹಾ ಬಂತು ಅಂತ ಲೆಕ್ಕ. ಇಲ್ಲಿ ಬಾರ್ ಲೆಕ್ಕ ತಪ್ಪಿತು. ಎಲ್ಲರೂ ನಿಲ್ಲಿಸಿದರು, ನಾನೊಬ್ಬನೇ ಕುಟ್ಟುತ್ತಿದ್ದೆ.

ಕಂಡಕ್ಟರ್ ಬಂದು ಕುಟ್ಟಾಣಿ ಮೂಸಿ ನೋಡಿ, "ಶುಂಠಿಯಾ?" ಅಂದರು. ಆಮೇಲೆ ಅದಕ್ಕೊಂದು ಚೀಟಿ ಅಂಟಿಸಿ, ವಾದ್ಯಗಳ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಛೇರಿ ಮುಗಿಯುವ ತನಕ ಅಲ್ಲೇ ಇರುತ್ತಂತೆ.

ಇವತ್ತು ಶುಂಠಿಯನ್ನು ಚಪ್ಪಲಿಯಲ್ಲಿ ಜಜ್ಜುವುದೊಂದು ಬಾಕಿ.