ಚೀನಾದ ಬಗ್ಗೆ ಕೂಗುವವರೇ, ಸ್ವಲ್ಪ ಕಿವಿಗೊಡಿ

ನಿನ್ನೆ ರಾತ್ರಿ ಕನ್ನಡ ವಾಹಿನಿಯೊಂದರಲ್ಲಿ ಚೀನಾ ಕುರಿತು ಚರ್ಚೆ ನಡೆಯಿತು. ಪರದೆಯ ತುಂಬ ಬೆಂಕಿ ಉಗುಳುವ ಡ್ರ್ಯಾಗನ್, ಹಿನ್ನೆಲೆಯಲ್ಲಿ ಯುದ್ಧದ ಸಂಗೀತ, ಸುತ್ತ ನಾಲ್ವರು ಪಂಡಿತರು. ಶಿ ಜಿನ್‌ಪಿಂಗ್ ಬಿಟ್ಟರೆ ಮತ್ತೊಬ್ಬ ಚೀನೀಯನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. 140 ಕೋಟಿ ಜನರ ನೆರೆಯ ದೇಶದಲ್ಲಿ ಇರುವುದು ಒಬ್ಬನೇ ಮನುಷ್ಯನೇ? ಟಿವಿ ಆರಿಸಿದೆ. ಸಿಟ್ಟು ಆರಿಲ್ಲ.

ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳ ನಡುವೆಯೇ ನನ್ನ ನೌಕರಿ ಮುಗಿಯಿತೆಂಬುದು ನಿಮಗೆಲ್ಲ ಗೊತ್ತು. ಬೆಳಗಿನ ನಡಿಗೆಯಲ್ಲಿ ಚೀನಾ ಕುರಿತ ಪಾಡ್‌ಕಾಸ್ಟ್ ಕೇಳುವ ಅಭ್ಯಾಸ ಹತ್ತಿದ್ದೂ ಆ ಸಾಲದ ದೆಸೆಯಿಂದಲೇ. 2021ರಲ್ಲಿ ಎವರ್‌ಗ್ರ್ಯಾಂಡ್ ಎಂಬ ದೈತ್ಯ ಬಿಲ್ಡರ್ ಸಾಲ ತೀರಿಸಲಾಗದೆ ಕುಸಿದಾಗ ನಮ್ಮ ಟಿವಿಯವರು ಚೀನಾ ಮುಳುಗಿತು ಎಂದು ಸಂಭ್ರಮಿಸಿದರು. ನಿಜಕ್ಕೂ ಮುಳುಗಿದ್ದೇನು, ಹೇಗೆ ಎಂದು ನನಗೆ ಬಿಡಿಸಿ ಹೇಳಿದ್ದು ಈ ಪಾಡ್‌ಕಾಸ್ಟ್‌ಗಳು. ನಾವು ಬಿಲ್ಡರ್‌ಗೆ ಸಾಲದ ಹಣ ಕೊಡುವುದು ಹಂತಹಂತವಾಗಿ: ತಳಪಾಯಕ್ಕೆ ಇಷ್ಟು, ಒಂದೊಂದು ಸ್ಲ್ಯಾಬಿಗೆ ಇಷ್ಟು. ಅಲ್ಲಿ ಕಟ್ಟಡ ಮೇಲೇಳುವ ಮೊದಲೇ ಹಣವೆಲ್ಲ ಸಂದಾಯವಾಗಿ, ಕೊಂಡವರ ಕಂತೂ ಶುರುವಾಗುತ್ತಿತ್ತು. ಆ ಹಣ ನಿಗಾ ಇಟ್ಟ ಖಾತೆಯಲ್ಲಿರಬೇಕೆಂಬ ನಿಯಮವೇನೋ ಇತ್ತು. ಆದರೆ ಕಾವಲು ಕಾಯಬೇಕಾದ ಸ್ಥಳೀಯ ಸರ್ಕಾರಗಳೇ, 1994ರ ತೆರಿಗೆ ಸುಧಾರಣೆಯಲ್ಲಿ ಆದಾಯದ ದೊಡ್ಡ ಪಾಲು ಕೇಂದ್ರಕ್ಕೆ ಹೋದ ಮೇಲೆ, ಬಿಲ್ಡರ್‌ಗಳಿಗೆ ಜಮೀನಿನ ಹಕ್ಕು ಮಾರಿ ಬೊಕ್ಕಸ ತುಂಬಿಸಿಕೊಳ್ಳುತ್ತಿದ್ದವು. ಇನ್ನೆಲ್ಲಿಯ ಕಾವಲು?

2022ರಲ್ಲಿ ಪಿಂಗಾಣಿಗೆ ಹೆಸರಾದ ಜಿಂಗ್‌ಡೆಜೆನ್ ಊರಿನಲ್ಲಿ ಎವರ್‌ಗ್ರ್ಯಾಂಡ್ ಮನೆ ಕೊಂಡವರು, ನಿಂತ ಕೆಲಸ ಶುರುವಾಗದಿದ್ದರೆ ಕಂತು ಕಟ್ಟುವುದಿಲ್ಲ ಎಂದು ಪತ್ರ ಬರೆದರು. ಅದು ಊರಿಂದ ಊರಿಗೆ ಹಬ್ಬಿತು. ಅತ್ತ ಬಾಡಿಗೆ, ಇತ್ತ ಕಂತು, ಎದುರಿಗೆ ಕಂಬಿ ಚಾಚಿಕೊಂಡು ನಿಂತ ಅರೆಬರೆ ಕಟ್ಟಡ! ಹೀಗೆ ಸಿಕ್ಕಿಕೊಂಡವರು ಬೆಂಗಳೂರಿನಲ್ಲಿ ನನ್ನ ಮೇಜಿನ ಮುಂದೆ ಕೂತು ಅತ್ತಿದ್ದಾರೆ. ಅವರ ಸಂಕಟವೂ ಇವರ ಸಂಕಟವೂ ಬೇರೆಯಲ್ಲ.

ಇಂಥ ಮನುಷ್ಯರನ್ನು ನಮಗೇಕೆ ತೋರಿಸುವುದಿಲ್ಲ? ಹೋಗಲಿ, ಹಗಲೂ ರಾತ್ರಿ ಹೆಸರೆತ್ತುವ ಆ ಶಿ ಅವರನ್ನಾದರೂ ಸರಿಯಾಗಿ ತೋರಿಸುತ್ತಾರೆಯೇ? 2022ರಲ್ಲಿ ದಿ ಎಕನಾಮಿಸ್ಟ್ ಪತ್ರಿಕೆ ಅವರ ಬದುಕಿನ ಬಗ್ಗೆಯೇ 'ದಿ ಪ್ರಿನ್ಸ್' ಎಂಬ ಪಾಡ್‌ಕಾಸ್ಟ್ ಸರಣಿ ಮಾಡಿತು. ತಂದೆ ಕಮ್ಯುನಿಸ್ಟ್ ಪಕ್ಷದ ಹಿರಿಯ ನಾಯಕ. 1962ರಲ್ಲಿ ಮಾವೋ ಕಾಲದ ಶುದ್ಧೀಕರಣದಲ್ಲಿ ಪದಚ್ಯುತ. ಮಗ 1969ರಲ್ಲಿ, 15ರ ವಯಸ್ಸಿನಲ್ಲಿ, ಶಾನ್‌ಶಿ ಪ್ರಾಂತ್ಯದ ಲಿಯಾಂಗ್‌ಜಿಯಾಹೆ ಹಳ್ಳಿಗೆ ಹೋಗಿ ಏಳು ವರ್ಷ ಗುಹೆಮನೆಯಲ್ಲಿ ಬದುಕಿದ. ತನ್ನ ಮನೆಯನ್ನೇ ಮುರಿದ ಪಕ್ಷಕ್ಕೆ ಅವನು ಇಷ್ಟು ಗಟ್ಟಿಯಾಗಿ ಅಂಟಿಕೊಂಡದ್ದೇಕೆ? ಒಂದಿಡೀ ಸಂಜೆ ಚರ್ಚಿಸಬೇಕಾದ ಪ್ರಶ್ನೆ ಇದು.

ಗಾಲ್ವಾನ್‌ನಲ್ಲಿ 2020ರಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು, ಇನ್ನು ಚೀನೀಯರ ಕಥೆ ಕೇಳಬೇಕೇ ಎಂದು ಗೆಳೆಯರೊಬ್ಬರು ಕೇಳಿದರು. ಕೇಳಲೇಬೇಕು ಸ್ವಾಮಿ. ಆ ಯೋಧರ ಮೇಲೆ ಗೌರವವಿದ್ದರೆ, ಎದುರಾಳಿಯ ಮನೆಯೊಳಗೆ ಏನು ನಡೆದಿದೆಯೆಂದು ತಿಳಿಯುವ ಶ್ರಮವನ್ನಾದರೂ ಪಡಬೇಡವೇ? ಡ್ರ್ಯಾಗನ್ ಚಿತ್ರದಿಂದ ಯಾವ ಗಡಿ ಉಳಿಯುತ್ತದೆ?

2010ರಲ್ಲಿ ಬೀಜಿಂಗಿನಲ್ಲಿ ಚೀನಾ ಕುರಿತ 'ಸಿನಿಕಾ' ಪಾಡ್‌ಕಾಸ್ಟ್ ಶುರು ಮಾಡಿದವರು ಕೈಸರ್ ಕುವೊ ಮತ್ತು ಜೆರೆಮಿ ಗೋಲ್ಡ್‌ಕಾರ್ನ್. ಕುವೊ ಮೊದಲು ಅಲ್ಲಿನ ರಾಕ್ ತಂಡವೊಂದರ ಗಿಟಾರ್ ವಾದಕ. ಇಷ್ಟು ವರ್ಷವಾದರೂ ಆ ಮಾತುಕತೆ ನಿಂತಿಲ್ಲ. ಕನ್ನಡದಲ್ಲಿ ಏಕಾಗಬಾರದು? ಚೀನಾದಲ್ಲಿ ಎಂಬಿಬಿಎಸ್ ಓದಿ ಬಂದ ನಮ್ಮ ಮಕ್ಕಳಿದ್ದಾರೆ. ಸರಕು ತರಲು ಗುವಾಂಗ್‌ಝೌ, ಯಿವು ಸುತ್ತಿದ ವ್ಯಾಪಾರಿಗಳಿದ್ದಾರೆ. ಅವರನ್ನು ಕೂರಿಸಿ ಮಾತನಾಡಿಸಿ. ಮಾಡುವ ಮನಸ್ಸಿರುವ ತರುಣರು ನನಗೆ ಬರೆಯಿರಿ. ಮೈಕಿನ ಖರ್ಚು ನನ್ನದು.